ಅಣ್ಣನ ಕರಿ ಪರದೆ

ನಮ್ಮ ಅಣ್ಣ ಏನು ಕೆಲಸ ಮಾಡುತ್ತಾನೆಂದು ಯಾರಾದರೂ ಕೇಳಿದರೆ ನಮ್ಮ ಮನೆಯಿಂದ ಮೂರು ಬಗೆಯ ಉತ್ತರ ಹೊರಡುತ್ತಿತ್ತು. ಅವ್ವ, "ಬೆಂಗಳೂರಾಗ ಕಂಪ್ಯೂಟರ್ ಕೆಲಸ" ಎನ್ನುವಳು. ಅಪ್ಪ, "ರಾತ್ರಿಪಾಳಿ" ಎಂದಷ್ಟೇ ಹೇಳಿ ಸುಮ್ಮನಾಗುವರು. ನಾನು ಕಾಲೇಜು ಕಲಿಯುವವಳಲ್ಲವೆ? ಸ್ವಲ್ಪ ಠೀವಿಯಿಂದ "ನೆಟ್‌ವರ್ಕಿನ ಟ್ರಾಫಿಕ್ ಮ್ಯಾನೇಜರ್ ನೋಡಿಕೋತಾನ" ಎನ್ನುತ್ತಿದ್ದೆ. ಇದನ್ನು ಕೇಳಿದ ರಬಕವಿಯ ನಮ್ಮ ಸೋದರತ್ತೆ, "ಅಯ್ಯ, ಪೋಲೀಸ ಆಗ್ಯಾನೇನವಾ? ಹಗಲೆಲ್ಲಾ ಬಿಸಲಾಗ ನಿಂದ್ರಬೇಕಲ್ಲ ಕೂಸು" ಎಂದು ಮರುಗಿದರು. ನಾನು ತಿದ್ದಲಿಲ್ಲ. ತಿದ್ದುವಷ್ಟು ನನಗೇ ತಿಳಿದಿರಲಿಲ್ಲವೆಂಬುದು ನಿಜವಾದ ಮಾತು.

ತಿಳಿದದ್ದು ಅಪ್ಪನ ಕಾಲು ಮುರಿದ ಮೇಲೆ. ದಸರೆಯ ಮರುದಿನ ಮಗ್ಗದ ಮನೆಯಲ್ಲಿ ಎಣ್ಣೆಯ ಮೇಲೆ ಕಾಲು ಜಾರಿ ಬಿದ್ದರು. ಎರಡು ತಿಂಗಳು ಪ್ಲಾಸ್ಟರು ಹಾಕಿಸಿಕೊಂಡು ಮಲಗಬೇಕಾಯಿತು. ಅಣ್ಣ ತನ್ನ ಕಂಪನಿಯವರನ್ನು ಕೇಳಿಕೊಂಡು, ಲ್ಯಾಪ್‌ಟಾಪು ಬಗಲಲ್ಲಿ ಹಾಕಿಕೊಂಡು ಬನಹಟ್ಟಿಗೆ ಬಂದ. ಅಟ್ಟದ ಮೇಲಿನ ಕೋಣೆ ಅವನ ಕಚೇರಿಯಾಯಿತು. ಕೆಳಗೆ ನಾಲ್ಕು ಪಾವರ್‌ಲೂಮುಗಳ ಖಟಖಟ, ಮೇಲೆ ಅಣ್ಣನ ಕೀಲಿಗಳ ಟಕಟಕ. ಬೆಂಗಳೂರಿನವರು ಫೋನು ಮಾಡಿದಾಗ, "ಅಲ್ಲೇನು ರೈಲು ಹೋಗುತ್ತಿದೆಯೆ?" ಎಂದು ಕೇಳುತ್ತಿದ್ದರಂತೆ. ನಮ್ಮೂರಿನಲ್ಲಿ ಹುಟ್ಟಿದವರಿಗೆ ಆ ಸದ್ದು ಸದ್ದೇ ಅಲ್ಲ. ಅದು ನಿಂತಾಗಲೇ ನಾವು ಬೆಚ್ಚುವುದು. ಈ ಸಂಗತಿ ಮುಂದೆ ಬೇಕಾಗುತ್ತದೆ, ವಾಚಕರು ನೆನಪಿಟ್ಟುಕೊಳ್ಳಬೇಕು.

ನಾನು ಚಹಾ ಕೊಡಲು ಹೋದಾಗಲೆಲ್ಲ ಅವನ ಮುಂದೆ ಇರುತ್ತಿದ್ದುದು ಒಂದು ಕರಿ ಪರದೆ. ಅದರಲ್ಲಿ ಬಿಳಿಯ ಅಕ್ಷರಗಳ ಸಾಲು. ಚಿತ್ರವಿಲ್ಲ, ಬಣ್ಣವಿಲ್ಲ, ಒತ್ತಲು ಗುಂಡಿಯಿಲ್ಲ. ಮೊಬೈಲಿನಲ್ಲಿ ಹಾಲಿನಿಂದ ಹಿಡಿದು ಹಾಸಿಗೆಯವರೆಗೆ ಎಲ್ಲವನ್ನೂ ಬೆರಳಿನಿಂದ ಮುಟ್ಟಿ ತರಿಸುವ ಈ ಕಾಲದಲ್ಲಿ ಅಣ್ಣನದು ತೀರ ಹಳೆಯ ಪದ್ಧತಿಯೆಂದು ನನಗೆ ಕನಿಕರವೆನಿಸಿತು. ಕೇಳಿಯೂ ಬಿಟ್ಟೆ.

"ಗುಂಡಿ ಇರೂ ಪುಟಾನೂ ಐತಿ ತಂಗಿ," ಎಂದ. "ಆದ್ರ ಒಂದ ಕೆಲಸ ನಾಲ್ವತ್ತು ಸಲ ಮಾಡೂದು ಬಂದ್ರ, ನಾಲ್ವತ್ತು ಸಲ ಗುಂಡಿ ಒತ್ತೂದರಾಗ ಬೆಳಗಾಗತೈತಿ. ಬರದು ಹೇಳಿದ್ರ ಒಂದ ಸಾಲಿನ ಕೆಲಸ. ಮ್ಯಾಲ ನಮ್ಮೂರಿನ ನೆಟ್ಟಿಗೆ ಚಿತ್ರ ಹೊರೂ ಶಕ್ತಿ ಎಲ್ಲೈತಿ? ಅಕ್ಷರ ಹಗರ, ಹೆಂಗಾರ ದಾಟತಾವ."

ಟ್ರಾಫಿಕ್ ಮ್ಯಾನೇಜರ್ ಎಂದರೇನೆಂದು ಅವನು ನನಗೆ ವಿವರಿಸಿದ್ದು ಕಬ್ಬಿನ ಲೆಕ್ಕದಲ್ಲಿ. ಆಗ ಹಂಗಾಮು ಶುರುವಾಗಿತ್ತು. ಜಮಖಂಡಿ, ಮುಧೋಳ, ಬೀಳಗಿ ಯಾವ ದಿಕ್ಕಿಗೆ ಹೋದರೂ ರಸ್ತೆಯ ತುಂಬ ಎರಡೆರಡು ಟ್ರೇಲರು ಎಳೆಯುವ ಟ್ರ್ಯಾಕ್ಟರುಗಳು. ನಮ್ಮ ಬಸ್ಸು ಅವುಗಳ ಹಿಂದೆ ಆಮೆಯಂತೆ ಹೋಗಿ, ಮೊದಲ ತಾಸಿನ ಪಾಠ ತಪ್ಪಿಸಿಕೊಂಡು ಬೈಸಿಕೊಂಡವರಲ್ಲಿ ನಾನೂ ಒಬ್ಬಳು. ಅಣ್ಣ ಹೇಳಿದ: ಒಂದು ಸಕ್ಕರೆ ಕಾರ್ಖಾನೆಗೆ ಮೂರು ಕಾಟಾ ಇವೆಯೆಂದು ಇಟ್ಟುಕೋ. ಗಾಡಿಗಳು ಬರುವುದು ಒಂದೇ ಗೇಟಿಗೆ. ರೈತನಿಗೆ ಯಾವ ಕಾಟಾದಲ್ಲಿ ತೂಕವಾದರೇನು? ಅವನಿಗೆ ಗೇಟು ಒಂದೇ ಗೊತ್ತು. ಗೇಟಿನಲ್ಲಿ ನಿಂತ ಮನುಷ್ಯ, ಯಾವ ಕಾಟಾದ ಸಾಲು ಗಿಡ್ಡವಿದೆಯೋ ಅಲ್ಲಿಗೆ ಗಾಡಿಯನ್ನು ಹಚ್ಚುತ್ತಾನೆ. ನಡುನಡುವೆ ಹೋಗಿ ಪ್ರತಿ ಕಾಟಾ ಸರಿಯಾಗಿ ತೂಗುತ್ತಿದೆಯೆ ಎಂದು ನೋಡಿ ಬರುತ್ತಾನೆ. ಕೆಟ್ಟದ್ದು ಕಂಡರೆ ಅದರ ಕಡೆಗೆ ಗಾಡಿ ಬಿಡುವುದಿಲ್ಲ. ಎರಡನೆಯ ಕಾಟಾದಲ್ಲಿ ತುಂಬಿದ ತೂಕ ಮಾಡಿಸಿದ ಗಾಡಿ ಖಾಲಿ ತೂಕಕ್ಕೂ ಎರಡನೆಯದಕ್ಕೇ ಬರಬೇಕೆಂಬ ನಿಯಮವಿದ್ದರೆ, ಅದನ್ನೂ ನೆನಪಿಟ್ಟು ಅಲ್ಲಿಗೇ ಕಳಿಸುತ್ತಾನೆ. ಇಷ್ಟೇ ಟ್ರಾಫಿಕ್ ಮ್ಯಾನೇಜರು. ಗೇಟಿಗೆ ಅವರು ವರ್ಚುಯಲ್ ಸರ್ವರ್ ಎನ್ನುತ್ತಾರೆ. ಕಾಟಾಗಳ ಗುಂಪಿಗೆ ಪೂಲ್. ಒಂದೊಂದು ಕಾಟಾಕ್ಕೆ ನೋಡ್. ಗಾಡಿಗಳ ಬದಲು ಜನರ ಕೋರಿಕೆಗಳು, ಕಾಟಾಗಳ ಬದಲು ಅವಕ್ಕೆ ಉತ್ತರ ಕೊಡುವ ಯಂತ್ರಗಳು. ಗೇಟಿನಲ್ಲಿರುವವನು ಮನುಷ್ಯನಲ್ಲ, ಅದೂ ಒಂದು ತಂತ್ರಾಂಶವೇ. ಪರೀಕ್ಷೆಯ ಫಲಿತಾಂಶ ಬಂದ ದಿನ ಇಡೀ ರಾಜ್ಯದ ಹುಡುಗ ಹುಡುಗಿಯರು ಒಂದೇ ನಿಮಿಷದಲ್ಲಿ ಒಂದೇ ಪುಟವನ್ನು ಬಡಿಯುತ್ತಾರಲ್ಲ, ಅಂಥ ಹೊತ್ತಿನಲ್ಲಿ ಗೇಟಿನಲ್ಲಿ ಬುದ್ಧಿವಂತನಿಲ್ಲದಿದ್ದರೆ ಏನಾಗುತ್ತದೆಂಬುದನ್ನು ನಮ್ಮಲ್ಲಿ ಬಹಳ ಜನ ಅನುಭವಿಸಿಯೇ ಬಂದಿದ್ದೇವೆ.

ಕಾಟಾ ದುರಸ್ತಿಗೆ ಬಂದಾಗ ಎರಡು ದಾರಿ. ಒಂದು, "ಇವತ್ತಿಗೆ ಮುಗೀತು" ಎಂದು ಹಲಗೆ ಹಾಕಿ ಸಾಲಿನಲ್ಲಿದ್ದವರನ್ನೆಲ್ಲ ಎಬ್ಬಿಸುವುದು. ಮತ್ತೊಂದು, ಹೊಸ ಗಾಡಿಯನ್ನು ಬಿಡದೆ, ನಿಂತ ಗಾಡಿಗಳನ್ನಷ್ಟು ತೂಗಿ ಮುಗಿಸಿ, ಸಾಲು ತಾನಾಗಿ ಕರಗಿದ ಮೇಲೆ ಕಾಟಾ ಬಿಚ್ಚುವುದು. ಮೊದಲನೆಯದು ಡಿಸೇಬಲ್, ಎರಡನೆಯದು ಡ್ರೇನ್. ಅಣ್ಣನ ದಿನದ ಕೆಲಸದಲ್ಲಿ ಮುಕ್ಕಾಲು ಪಾಲು ಈ ಎರಡನೆಯದೇ.

ಈ ಗೇಟಿನವನ ಹುಟ್ಟು ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ. ಆಡಮ್ ಟ್ವಿಸ್ ಮತ್ತು ಡೇಮಿಯನ್ ರೀವ್ಸ್ ಎಂಬಿಬ್ಬರು ವಿದ್ಯಾರ್ಥಿಗಳು ೧೯೯೫ರಲ್ಲಿ ಜ್ಯೂಸ್ ಎಂಬ ಹೆಸರಿನ ಸಂಸ್ಥೆ ಕಟ್ಟಿದರು. ಆ ಸಂಸ್ಥೆಯ ಟ್ರಾಫಿಕ್ ಮ್ಯಾನೇಜರು ೨೦೧೧ರಲ್ಲಿ ರಿವರ್‌ಬೆಡ್ ಎಂಬವರ ಕೈಗೆ, ೨೦೧೫ರಲ್ಲಿ ಬ್ರೋಕೇಡ್ ಎಂಬವರ ಕೈಗೆ, ೨೦೧೭ರಲ್ಲಿ ಪಲ್ಸ್ ಸೆಕ್ಯೂರ್ ಎಂಬವರ ಕೈಗೆ, ೨೦೨೦ರಲ್ಲಿ ಇವಾಂಟಿ ಎಂಬವರ ಕೈಗೆ ಹೋಯಿತು. ಮಾಲೀಕರು ಬದಲಾದಂತೆಲ್ಲ ಹೆಸರೂ ಬದಲಾಯಿತು. ಬ್ರೋಕೇಡ್ ಎಂದರೆ ಜರಿಯ ಬಟ್ಟೆ ಎಂದು ಅಣ್ಣ ಹೇಳಿದಾಗ, ಕೆಳಗಿನಿಂದ ಅಪ್ಪ, "ನಮ್ಮ ಕಸುಬಿಗೂ ಬಂದು ಹೋಗೈತಿ ಅನ್ನು ಹಂಗಾರ" ಎಂದರು. ವಿದ್ಯಾರ್ಥಿಗಳಿಬ್ಬರು ಇದನ್ನು ಕಟ್ಟಿದರೆಂಬ ಮಾತು ನಮ್ಮ ಕಾಲೇಜಿನ ಕಟ್ಟೆಯ ಮೇಲೆ ಕೂತು ಹೊತ್ತು ಕಳೆಯುವ ನಮಗೆ ಸ್ವಲ್ಪ ಮುಜುಗರದ್ದು. ಆದ್ದರಿಂದ ಬೇಗ ಮುಂದೆ ಸಾಗುತ್ತೇನೆ.

ಗೇಟಿನವನಿಗೆ ದೂರದಿಂದ ಅಪ್ಪಣೆ ಕೊಡಲು ಒಂದು ಬಾಗಿಲಿದೆ. ಸೋಪ್ ಎಂಬ ಪದ್ಧತಿಯಲ್ಲಿ ಕಾಗದ ಬರೆದು, ಲಕೋಟೆಯೊಳಗಿಟ್ಟು ಕಳಿಸಿದರೆ ಅವನು ಓದಿ, ಕೆಲಸ ಮಾಡಿ, ಇನ್ನೊಂದು ಲಕೋಟೆಯಲ್ಲಿ ಉತ್ತರ ಕಳಿಸುತ್ತಾನೆ. ಕಾಗದದ ಒಕ್ಕಣೆ ಮಾತ್ರ ಭಯಂಕರ. ಎರಡು ಶಬ್ದದ ಅಪ್ಪಣೆಗೆ ಇಪ್ಪತ್ತು ಸಾಲು ಪೀಠಿಕೆ, "ಕ್ಷೇಮ, ತಮ್ಮ ಕ್ಷೇಮಕ್ಕೆ ಬರೆಯಿರಿ" ಎಂದು ಶುರುವಾಗುವ ನಮ್ಮ ಅಜ್ಜನ ಪತ್ರಗಳ ಹಾಗೆ. ಅದನ್ನು ಕೈಯಿಂದ ಯಾರು ಬರೆಯಬೇಕು? ಅದಕ್ಕಾಗಿ ಅಣ್ಣನ ಕಂಪನಿಯಲ್ಲಿ ಹಿಂದೆಂದೋ ಯಾರೋ ರೂಬಿ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಮು ಬರೆದಿಟ್ಟು ಕೆಲಸ ಬಿಟ್ಟು ಹೋಗಿದ್ದರು. ಕರಿ ಪರದೆಯಲ್ಲಿ ಒಂದು ಸಾಲು ಬರೆದರೆ, ಅದು ತಾನೇ ಲಕೋಟೆ ಕಟ್ಟಿ ಗೇಟಿಗೆ ಮುಟ್ಟಿಸಿ, ಬಂದ ಉತ್ತರವನ್ನು ಬಿಡಿಸಿ ಓದಿ ಹೇಳುತ್ತಿತ್ತು. ರೂಬಿಯೆಂಬುದು ಜಪಾನಿನ ಯುಕಿಹಿರೊ ಮತ್ಸುಮೊಟೊ ಎಂಬವರು ೧೯೯೩ರಲ್ಲಿ ಆರಂಭಿಸಿ ೧೯೯೫ರಲ್ಲಿ ಹೊರಗೆ ಬಿಟ್ಟ ಭಾಷೆ. ಅಣ್ಣ ಅದರ ಒಂದು ಪುಟ ತೋರಿಸಿದ. ನನಗೂ ಅಲ್ಲಲ್ಲಿ ತಿಳಿಯಿತು. ಬರೆಯುವವನಿಗೆ ಸುಖವೆನಿಸಬೇಕೆಂಬುದೇ ಆ ಭಾಷೆ ಕಟ್ಟಿದವರ ಬಯಕೆಯಾಗಿತ್ತಂತೆ.

ಈ ಸಣ್ಣ ಪ್ರೋಗ್ರಾಮಿನ ಮೇಲ್ವಿಚಾರಣೆ ಈಗ ಅಣ್ಣನ ಪಾಲಿಗೆ ಬಂದಿತ್ತು. ಗುಪ್ತಪದಗಳನ್ನು ಅದರ ಒಡಲಲ್ಲೇ ಬರೆದಿಟ್ಟಿದ್ದನ್ನು ತೆಗೆದು ಬೇರೆ ಕಡತಕ್ಕೆ ಹಾಕಿದ್ದ. ಅಪ್ಪಣೆಯ ಬಾಗಿಲು ಕಂಪನಿಯ ಒಳಗಿನ ಜಾಲಕ್ಕೆ ಮಾತ್ರ ತೆರೆಯುವಂತೆ ಮಾಡಿಸಿದ್ದ. ಇದು ಅತಿ ಎಚ್ಚರಿಕೆಯೆಂದು ಕೆಲವರು ನಕ್ಕಿದ್ದರಂತೆ. ೨೦೨೪ರ ಆಗಸ್ಟಿನಲ್ಲಿ, ಗುಪ್ತಪದವಿಲ್ಲದೆಯೇ ಯಾರಾದರೂ ಆ ಟ್ರಾಫಿಕ್ ಮ್ಯಾನೇಜರಿನ ಆಡಳಿತದ ಪುಟದಲ್ಲಿ ತಾವೇ ಒಡೆಯರಾಗಬಹುದಾದ ಒಂದು ದೋಷವಿದೆಯೆಂದು ಇವಾಂಟಿಯವರೇ ಪ್ರಕಟಿಸಿದ ಮೇಲೆ ನಗು ನಿಂತಿತು. ಇಷ್ಟು ಎಚ್ಚರದ ಮನುಷ್ಯ ನಮ್ಮ ಅಣ್ಣ. ಇನ್ನು ಅವನು ಮಾಡಿದ ತಪ್ಪಿಗೆ ಬರುತ್ತೇನೆ.

ದೀಪಾವಳಿಗೆ ನಾಲ್ಕು ದಿನ ಉಳಿದಿತ್ತು. ಬೆಂಗಳೂರಿನಿಂದ ಊರಿಗೆ ಹೊರಡುವವರಿಗೆ ಟಿಕೀಟು ಮಾರುವ ಒಂದು ವ್ಯಾಪಾರ ಅಣ್ಣನ ಗೇಟಿನ ಹಿಂದೆ ಇತ್ತು. ಎಂಟು ಯಂತ್ರಗಳಲ್ಲಿ ಒಂದಕ್ಕೆ ದುರಸ್ತಿ ಬೇಕಾಗಿತ್ತು. ಡ್ರೇನ್ ಮಾಡಿ, ಸಾಲು ಕರಗುವವರೆಗೆ ಕಾದಿದ್ದಾಗಿತ್ತು. ಉಳಿದದ್ದು ಅದೊಂದನ್ನು ಪೂರ್ತಿ ನಿಲ್ಲಿಸುವುದು. ರಾತ್ರಿ ಒಂಬತ್ತೂವರೆ. ನಾನು ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಟ್ಯೂಬ್‌ಲೈಟು ಒಮ್ಮೆ ಮಂಕಾಗಿ ಮತ್ತೆ ಹತ್ತಿತು.

"ಅಣ್ಣಾ, ಕರೆಂಟ್ ಹೋಗೂ ಹಂಗೈತಿ ನೋಡು," ಎಂದೆ.

ಅವನು ಡಿಸೇಬಲ್ ಎಂದು ಬರೆದು, ಪೂಲಿನ ಹೆಸರು ಬರೆದಿದ್ದ. ಯಂತ್ರದ ಹೆಸರು ಬರೆಯುವುದಿತ್ತು. ನನ್ನ ಮಾತು ಕಿವಿಗೆ ಬಿತ್ತೋ, ದೀಪ ಮಂಕಾದದ್ದು ಕಣ್ಣಿಗೆ ಬಿತ್ತೋ, ಕರೆಂಟು ಹೋಗುವುದರೊಳಗೆ ಮುಗಿಸಬೇಕೆಂಬ ಆತುರದಲ್ಲಿ ಬೆರಳು ಎಂಟರ್ ಕೀಲಿಯ ಮೇಲೆ ಬಿತ್ತು. ಅದೇ ಕ್ಷಣ ದೀಪ ಆರಿತು. ಕೆಳಗಿನ ನಾಲ್ಕು ಮಗ್ಗಗಳಷ್ಟೇ ಅಲ್ಲ, ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಆ ಮೌನದ ಮಾತನ್ನೇ ನಾನು ಮೊದಲು ಹೇಳಿದ್ದು.

ಲ್ಯಾಪ್‌ಟಾಪಿನ ಕರಿ ಪರದೆ ಮಾತ್ರ ಬೆಳಗುತ್ತಿತ್ತು. ಆದರೆ ಗೋಡೆಯ ಮೇಲಿನ ಇಂಟರ್‌ನೆಟ್ಟಿನ ಡಬ್ಬಿ ಸತ್ತಿತ್ತು. ಅಪ್ಪಣೆ ಹೋಯಿತೋ ಇಲ್ಲವೋ ಗೊತ್ತಿಲ್ಲ. ಹೋಗಿದ್ದರೆ ಉತ್ತರ ಬರಲು ದಾರಿಯಿಲ್ಲ. ಅಣ್ಣ ತಾನು ಬರೆದ ಅರ್ಧ ಸಾಲನ್ನು ಓದಿದ. ಮತ್ತೊಮ್ಮೆ ಓದಿದ. ಕತ್ತಲಲ್ಲಿ ಅವನ ಮುಖಕ್ಕೆ ಪರದೆಯ ಬೆಳಕು ಬಿದ್ದಿತ್ತು. ಆ ಮುಖವನ್ನು ನಾನು ಹಿಂದೆ ಒಮ್ಮೆ ಮಾತ್ರ ನೋಡಿದ್ದೆ, ಅಪ್ಪನನ್ನು ಆಸ್ಪತ್ರೆಯಲ್ಲಿ ಮಲಗಿಸಿದ ದಿನ.

"ನೋಡಿನ ಹೆಸರು ಕೊಡಲಿಲ್ಲಂದ್ರ ಎಲ್ಲಾ ಅಂತ ತಿಳಕೊಳ್ಳತೈತಿ ಇದು," ಎಂದ.

ಮೊಬೈಲಿನ ನೆಟ್ಟಿಗಾಗಿ ಅವನು ಮಾಳಿಗೆಗೆ ಓಡಿದ. ನಾನು ಲ್ಯಾಪ್‌ಟಾಪು ಹಿಡಿದು ಹಿಂದೆ ಓಡಿದೆ. ಜೋಡಣೆ ಸಿಗುವುದರೊಳಗೆ ಫೋನೇ ಬಂದಿತು. ಪೂಲು ಪೂರ್ತಿ ನಿಂತಿದೆ, ಗೇಟಿಗೆ ಬಂದವರಿಗೆಲ್ಲ ಕ್ಷಮಾಪಣೆಯ ಪುಟ ಹೋಗುತ್ತಿದೆ. ಮತ್ತೆ ಒಳಗೆ ಹೊಕ್ಕು ಎಲ್ಲವನ್ನೂ ಎಬ್ಬಿಸುವ ಹೊತ್ತಿಗೆ ಒಂಬತ್ತು ನಿಮಿಷ ಕಳೆದಿತ್ತು. ಒಂಬತ್ತು ನಿಮಿಷ ಬಹಳವೇನಲ್ಲವೆಂದು ನನಗೆ ಆಗ ಅನಿಸಿದ್ದು ನಿಜ. ಮರುದಿನ ಬೆಂಗಳೂರಿನಲ್ಲಿರುವ ನಮ್ಮ ಮಾವನ ಮಗಳು ಫೋನು ಮಾಡಿ, ದುಡ್ಡು ಕಟ್ಟುವಾಗ ಪುಟ ಹೋಯಿತು, ಮತ್ತೆ ಬರುವುದರೊಳಗೆ ಜಮಖಂಡಿಯ ಬಸ್ಸಿನ ಸೀಟು ಮುಗಿದಿದ್ದವು, ಈ ಸಲ ಹಬ್ಬಕ್ಕೆ ಬರುವುದಾಗುವುದಿಲ್ಲ ಎಂದಳು. ಅಣ್ಣ ಪಕ್ಕದಲ್ಲೇ ಕೂತಿದ್ದ. ನಾನು ಏನೂ ಹೇಳಲಿಲ್ಲ. ಅವನು ಫೋನು ಇಸಕೊಂಡು, "ಅದು ನನ್ನಿಂದಾತವಾ" ಎಂದು ಹೇಳಿದ.

ಕಂಪನಿಗೆ ಬರೆದ ವರದಿಯಲ್ಲೂ ಅವನು ಹಾಗೆಯೇ ಬರೆದ. ಅವನ ಸಹೋದ್ಯೋಗಿಯೊಬ್ಬ, "ಕರೆಂಟು ಹೋಗಿ ಅರ್ಧ ಅಪ್ಪಣೆ ಹೋಯಿತು ಎಂದು ಬರೆ, ಯಾರು ನೋಡಬೇಕು?" ಎಂದು ಉಪಾಯ ಹೇಳಿದ್ದನಂತೆ. ಹಾಗೆ ಬರೆದಿದ್ದರೆ ನಡೆದೂ ಹೋಗುತ್ತಿತ್ತು. ಊರಿನಿಂದ ಕೆಲಸ ಮಾಡುವ ಅನುಮತಿ ಉಳಿಯುತ್ತಿತ್ತು. ನಿಜ ಬರೆದದ್ದರಿಂದ ಪ್ಲಾಸ್ಟರು ಬಿಚ್ಚುವ ಮೊದಲೇ ಹಿಂದಿರುಗಬೇಕೆಂದು ಅಪ್ಪಣೆಯಾಯಿತು. ಕೆಲಸವೇನೂ ಹೋಗಲಿಲ್ಲ. ನಾನು ಮಾತ್ರ ವರದಿಯ ಪ್ರತಿಯನ್ನು ಓದಿ, ಬಾಗಿಲಲ್ಲಿ ನಿಂತು ಮಾತಾಡಿದ ತಂಗಿಯ ಸಂಗತಿ ಅದರಲ್ಲಿ ಎಲ್ಲಿಯೂ ಇಲ್ಲದ್ದನ್ನು ಕಂಡೆ. ಯಾಕೆಂದು ಕೇಳಿದರೆ, "ನೀ ಖರೇನ ಹೇಳಿದ್ದೆಲ್ಲಾ, ಕರೆಂಟ್ ಹೋತಲ್ಲಾ" ಎಂದ.

ಹೊರಡುವ ಮುಂಚೆ ಅವನು ಆ ಪ್ರೋಗ್ರಾಮನ್ನು ತಿದ್ದಲು ಕೂತ. ನನ್ನನ್ನೂ ಕೂರಿಸಿಕೊಂಡ. "ನೀ ಭಾಷಾ ಕಲಿಯಾಕಿ. ಒಂದು ಎಚ್ಚರಿಕೆ ವಾಕ್ಯ ಬೇಕು, ಹೇಳು." ನಾನು ಉತ್ಸಾಹದಿಂದ ಎರಡು ಸಾಲಿನ ಗಂಭೀರ ವಾಕ್ಯವೊಂದನ್ನು ರಚಿಸಿದೆ. ಅವನು ಓದಿ ನಕ್ಕ. ರಾತ್ರಿ ಎರಡಕ್ಕೆ ನಿದ್ದೆಗಣ್ಣಿನಲ್ಲಿರುವವನು ಇದನ್ನು ಓದುವುದಿಲ್ಲ, ಹೌದೋ ಅಲ್ಲವೋ ಎಂದು ಕೇಳಿದರೆ ಕಣ್ಣು ಮುಚ್ಚಿ ಹೌದು ಎನ್ನುತ್ತಾನೆ ಎಂದ. ನನಗೆ ಬೇಸರವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಬೇಸರದಲ್ಲೇ ಆ ಹಳೆಯ ಅರ್ಧ ಸಾಲನ್ನು ನೋಡುತ್ತ ಕೂತಾಗ ಒಂದು ಸಂಗತಿ ಹೊಳೆಯಿತು.

ಆ ಪ್ರೋಗ್ರಾಮಿನಲ್ಲಿ ಕ್ರಿಯಾಪದ ಮೊದಲು ಬರುತ್ತಿತ್ತು. ನಿಲ್ಲಿಸು, ಇಂಥ ಪೂಲಿನ, ಇಂಥ ಯಂತ್ರವನ್ನು. ನಿಲ್ಲಿಸು ಎಂದಾದ ಮೇಲೆ ಎಲ್ಲಿ ಕೈ ತಡೆದರೂ ಅದು ಅಪ್ಪಣೆಯೇ. ಉಳಿದದ್ದನ್ನು ಕೇಳುವವನು ತನಗೆ ತಿಳಿದಂತೆ ತುಂಬಿಕೊಳ್ಳುತ್ತಾನೆ. ನಾವು ಮಾತಾಡುವುದು ಹಾಗಲ್ಲ. ಇಂಥ ಪೂಲಿನ ಇಂಥ ಯಂತ್ರವನ್ನು ನಿಲ್ಲಿಸು. ನಡುವೆ ಕರೆಂಟು ಹೋದರೆ "ಇಂಥ ಪೂಲಿನ" ಎಂಬಷ್ಟೇ ಉಳಿಯುತ್ತದೆ, ಕೇಳುವವನು "ಪೂಲಿನ ಏನು?" ಎಂದು ಬಾಯಿ ನೋಡುತ್ತ ಕೂರುತ್ತಾನೆ, ಯಾರ ಹಬ್ಬವೂ ಕೆಡುವುದಿಲ್ಲ. ಕ್ರಿಯಾಪದವನ್ನು ಮೊದಲು ಇಡುವ ಹಕ್ಕು ಮುಧೋಳದ ರನ್ನನಂಥ ಕವಿಗೆ ಉಂಟು. ಯಂತ್ರ ನಿಲ್ಲಿಸುವವನಿಗೆ ಅದು ಯಾಕೆ? "ಅಣ್ಣಾ, ಕ್ರಿಯಾಪದ ಕಡೀಕ ಹಾಕು" ಎಂದೆ. ಅವನು ಎರಡು ನಿಮಿಷ ಪರದೆಯನ್ನೇ ನೋಡಿದ. ಆಮೇಲೆ ಬೇರೆ ಮಾತಾಡದೆ ಬರೆಯತೊಡಗಿದ.

ಎರಡನೆಯ ತಿದ್ದುಪಡಿ ಅಪ್ಪನದು. ಸಂಜೆ ಅಣ್ಣ ಅವರಿಗೆ ಎಲ್ಲವನ್ನೂ ಹೇಳಿದ. ಅಪ್ಪನಿಗೆ ರೂಬಿಯೂ ಗೊತ್ತಿಲ್ಲ, ಸೋಪೂ ಗೊತ್ತಿಲ್ಲ, ಜಕಾರ್ಡು ಗೊತ್ತು. ಫ್ರಾನ್ಸಿನ ಲಿಯೋನಿನ ಜಕಾರ್ಡ್ ಎಂಬಾತ ೧೮೦೪ರ ಸುಮಾರಿಗೆ ಹೂಡಿದ ಆ ಸಾಧನ ನಮ್ಮ ಮಗ್ಗಗಳ ತಲೆಯ ಮೇಲೆ ಕೂತಿದೆ. ರಟ್ಟಿನಲ್ಲಿ ತೂತು ಇದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ; ಸಾಲು ಸಾಲು ರಟ್ಟು ತಿರುಗಿದಂತೆ ದಡಿಯ ಮೇಲೆ ಹೂವು ಮೂಡುತ್ತದೆ. ತೂತಿನ ರಟ್ಟುಗಳ ಮೂಲಕ ಯಂತ್ರಕ್ಕೆ ಅಪ್ಪಣೆ ಕೊಡುವ ಆ ವಿಚಾರವನ್ನೇ ಇಂಗ್ಲೆಂಡಿನ ಬ್ಯಾಬೇಜ್ ತನ್ನ ಗಣಕಯಂತ್ರದ ಯೋಜನೆಗೆ ಎತ್ತಿಕೊಂಡನೆಂದು ಅಣ್ಣ ಹೇಳಿದ. ಅಪ್ಪ ಆ ಗೌರವಕ್ಕೆ ಹಿಗ್ಗಲಿಲ್ಲ. ಅವರು ಕೇಳಿದ್ದು ಬೇರೆ.

"ಹೊಸ ರಟ್ಟು ಏರಿಸಿದ ಕೂಡ್ಲೆ ನಾವು ಮೋಟರ್ ಹಚ್ಚತೇವೇನೋ?"

ಹಚ್ಚುವುದಿಲ್ಲ. ಮೊದಲು ಗಾಲಿಯನ್ನು ಕೈಯಿಂದ ತಿರುವಿ, ಯಾವ ಎಳೆ ಏಳುತ್ತದೆ, ಯಾವುದು ಏಳುವುದಿಲ್ಲ ಎಂದು ನೋಡುತ್ತಾರೆ. ಸರಿಯೆನಿಸಿದ ಮೇಲೆಯೇ ಮೋಟರು. ತಪ್ಪು ರಟ್ಟಿನ ಮೇಲೆ ಮೋಟರು ಓಡಿದರೆ ಸೀರೆ ಕೆಡುತ್ತದೆ. ಕೆಟ್ಟದ್ದನ್ನು ಬಿಚ್ಚುತ್ತ ಕೂತರೆ ಒಂದು ದಿನದ ಕೂಲಿ ಹೋಗುತ್ತದೆ.

ಅಣ್ಣ ಅದೇ ರಾತ್ರಿ ಅದನ್ನೂ ಸೇರಿಸಿದ. ಈಗ ಆ ಪ್ರೋಗ್ರಾಮಿಗೆ ಏನು ಬರೆದುಕೊಟ್ಟರೂ ಅದು ಮೊದಲು ಏನನ್ನೂ ಮಾಡುವುದಿಲ್ಲ. ಇಂಥ ಪೂಲಿನಲ್ಲಿ ಎಂಟು ಯಂತ್ರಗಳಿವೆ, ಇದರಲ್ಲಿ ಇಂಥ ಒಂದು ನಿಲ್ಲುತ್ತದೆ, ಏಳು ಉಳಿಯುತ್ತವೆ ಎಂದು ಪಟ್ಟಿ ತೋರಿಸುತ್ತದೆ. ನಿಜವಾಗಿ ಮಾಡಬೇಕಾದರೆ ಅದೇ ಸಾಲಿನ ಕೊನೆಗೆ ಇನ್ನೊಂದು ಶಬ್ದ ಸೇರಿಸಿ ಮತ್ತೆ ಕೊಡಬೇಕು. ಉಳಿಯುವುದು ಸೊನ್ನೆಯಾದರೆ, ಪೂಲಿನ ಹೆಸರನ್ನು ಪೂರ್ತಿ ಇನ್ನೊಮ್ಮೆ ಬರೆಯದ ಹೊರತು ಕಾಗದ ಗೇಟಿಗೆ ಹೋಗುವುದೇ ಇಲ್ಲ. ಮನೆಯಲ್ಲಿ ಅಣ್ಣ ಈ ವ್ಯವಸ್ಥೆಗೆ "ಕೈಗಾಲಿ" ಎಂದು ಹೆಸರಿಟ್ಟ. ಪ್ರೋಗ್ರಾಮಿನಲ್ಲಿ ಅದಕ್ಕೆ ಬೇರೆ ಹೆಸರಿದೆ, ಬೇರೆ ಪ್ರಾಂತದವರಿಗೂ ತಿಳಿಯಬೇಕಲ್ಲ.

ಎರಡು ತಿದ್ದುಪಡಿಗಳಲ್ಲಿ ಯಾವುದು ದೊಡ್ಡದೆಂದು ನನಗೂ ಅಪ್ಪನಿಗೂ ಇನ್ನೂ ವಾದವಿದೆ. ಮೂರು ವಾರಗಳ ಮೇಲೆ ಅಣ್ಣ ಬೆಂಗಳೂರಿನಿಂದ ಫೋನು ಮಾಡಿ, ಅವನ ಜೊತೆಯವನೊಬ್ಬ ರಾತ್ರಿ ಮೂರಕ್ಕೆ ಒಂದು ಪೂಲಿನ ಹೆಸರಿನ ಬದಲು ಮತ್ತೊಂದನ್ನು ಬರೆದನೆಂದೂ, ಪಟ್ಟಿ ನೋಡಿ ಬೆಚ್ಚಿ ಕೈ ಹಿಂದೆಗೆದನೆಂದೂ ಹೇಳಿದ. ಅಪ್ಪ ನನ್ನ ಕಡೆ ನೋಡಿ ಮೀಸೆಯಲ್ಲೇ ನಕ್ಕರು. ಆ ಸಲ ಕ್ರಿಯಾಪದಕ್ಕೆ ಮಾಡಲು ಕೆಲಸವೇನೂ ಇರಲಿಲ್ಲವೆಂದು ನಾನು ಒಪ್ಪಲೇಬೇಕಾಯಿತು.

ಪ್ಲಾಸ್ಟರು ಬಿಚ್ಚಿದೆ. ಅಪ್ಪ ಮಗ್ಗಕ್ಕೆ ಮರಳಿದ್ದಾರೆ, ಸ್ವಲ್ಪ ಕುಂಟುತ್ತಾರೆ. ಮೊನ್ನೆ ಅಣ್ಣನಿಗೆ ಹೆಣ್ಣು ಕೊಡುವ ಮಾತೆತ್ತಿ ಬೀಳಗಿಯ ಕಡೆಯ ಹಿರಿಯರೊಬ್ಬರು ಮನೆಗೆ ಬಂದಿದ್ದರು. ಹುಡುಗ ಏನು ಮಾಡುತ್ತಾನೆಂದು ಕೇಳಿದರು. ಅವ್ವ ಬಾಯಿ ತೆರೆಯುವ ಮೊದಲೇ ಅಪ್ಪ, "ಕಾಟಾದ ಗೇಟಿನ್ಯಾಗ ನಿಂತಾನ್ರೀ. ಯಾವ ಗಾಡಿ ಎಲ್ಲಿ ಹೋಗಬೇಕು ಅಂತ ಹಚ್ಚತಾನ" ಎಂದರು.

ಹಿರಿಯರು ತಲೆದೂಗಿ, ಎಲೆ ಅಡಿಕೆ ಹಾಕಿಕೊಂಡು, "ಯಾವ ಫ್ಯಾಕ್ಟರೀರಿ? ಬಿಲ್ಲು ವ್ಯಾಳ್ಯಾಕ ಕೊಡ್ತಾರೇನು?" ಎಂದು ಕೇಳಿದರು.